ಹಳೆಯ ಖಾತೆಗೊಂದು ಗೆರೆ

ಕೋಲ್ಕತ್ತದ ಬಡಾಬಜಾರಿನ ಗಲ್ಲಿಯೊಂದರಲ್ಲಿ ಔಷಧಿಯ ಸಗಟು ಮಳಿಗೆ. ಅದರ ಮೂರನೇ ಮಹಡಿಯಲ್ಲಿ, ಕಾಗದದ ಕಟ್ಟುಗಳ ನಡುವೆ ಒಂದು ಕಂಪ್ಯೂಟರು. ಮಳಿಗೆಯವರ ಬಾಯಲ್ಲಿ ಅದು ‘ಸರ್ವರ್’. ಬಿಲ್ಲು, ದಾಸ್ತಾನು, ಬ್ಯಾಚ್ ನಂಬರು, ಮಾತ್ರೆಗಳ ಅವಧಿ ಮುಗಿಯುವ ತಿಂಗಳು ಎಲ್ಲವೂ ಅದರೊಳಗೆ. ನೋಡಿಕೊಳ್ಳುತ್ತಿದ್ದವನು ಶಿರಸಿ ಕಡೆಯ ಹುಡುಗ. ನಾಲ್ಕು ವರ್ಷದಿಂದ ಆ ಊರಲ್ಲಿದ್ದಾನೆ. ಬಂಗಾಳಿ ಅರ್ಥವಾಗುತ್ತದೆ, ಮಾತಾಡಲು ಹಿಂದಿಯೇ ಗತಿ.

2023ರ ನವೆಂಬರಿನಲ್ಲಿ ಪೋಸ್ಟ್‌ಗ್ರೆಸ್ 11ನೇ ಆವೃತ್ತಿಗೆ ಬೆಂಬಲ ನಿಂತಿತು. ಈ ಡೇಟಾಬೇಸಿನ ಪ್ರತಿ ದೊಡ್ಡ ಆವೃತ್ತಿಗೂ ಐದು ವರ್ಷದ ಆಯುಸ್ಸು. ಆಮೇಲೆ ಭದ್ರತೆಯಲ್ಲಿ ತೂತು ಕಂಡರೂ ತೇಪೆ ಬರುವುದಿಲ್ಲ. 15ಕ್ಕೆ ಹೋಗಲೇಬೇಕಿತ್ತು. ಆದರೆ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ವಿಳಾಸದ ಚೀಟಿ ಮುದ್ರಿಸುವ ಹಳೇ ತಂತ್ರಾಂಶವೊಂದಿತ್ತು. 14ನೇ ಆವೃತ್ತಿಯಿಂದ ಪಾಸ್‌ವರ್ಡ್ ಕಾಪಾಡುವ ರೀತಿ ಬಿಗಿಯಾಗಿದೆ. ಆ ತಂತ್ರಾಂಶಕ್ಕೆ ಹೊಸ ರೀತಿ ಗೊತ್ತಿಲ್ಲ. ಹೊಸದರಲ್ಲೂ ಹಳೇ ರೀತಿಯನ್ನು ಉಳಿಸಿಕೊಳ್ಳಬಹುದಿತ್ತು. ಚೀಟಿ ಮುದ್ರಿಸುವುದಕ್ಕಾಗಿ ಇಡೀ ಮಳಿಗೆಯ ಬೀಗ ಸಡಿಲಿಸುವುದು ಅವನಿಗೆ ಸರಿ ಕಾಣಲಿಲ್ಲ. ಎರಡೂ ಆವೃತ್ತಿ ಒಂದೇ ಯಂತ್ರದಲ್ಲಿ ಇರಲಿ ಎಂದುಕೊಂಡ.

ಡೆಬಿಯನ್ ಲಿನಕ್ಸ್‌ನಲ್ಲಿ ಇದು ಕಷ್ಟದ ಕೆಲಸವಲ್ಲ. ಪ್ರತಿ ಆವೃತ್ತಿಗೂ ತನ್ನದೇ ದತ್ತಾಂಶದ ಫೋಲ್ಡರು, ತನ್ನದೇ ಸಂರಚನೆಯ ಕಡತ, ತನ್ನದೇ ಲಾಗ್, ತನ್ನದೇ ಪೋರ್ಟ್. ಮೊದಲು ಬಂದದ್ದು 5432ರಲ್ಲಿ ಕೂರುತ್ತದೆ, ಎರಡನೆಯದು 5433ರಲ್ಲಿ. ಒಂದರ ಫೋಲ್ಡರನ್ನು ಇನ್ನೊಂದು ತೆರೆಯಲಾರದು. 11ರ ಕಡತಗಳನ್ನು 15ರ ಮುಂದಿಟ್ಟರೆ ಅದು ಶುರುವಾಗುವುದೇ ಇಲ್ಲ. ಆ ಹಟ ಒಳ್ಳೆಯದೇ.

2024ರ ಜನವರಿಯ ಒಂದು ಭಾನುವಾರ ಅವನು ದತ್ತಾಂಶವನ್ನೆಲ್ಲ 15ಕ್ಕೆ ಸಾಗಿಸಿದ. ಬಿಲ್ಲಿನ ತಂತ್ರಾಂಶಕ್ಕೆ 5433ರ ದಾರಿ ತೋರಿಸಿದ. ಚೀಟಿಯ ತಂತ್ರಾಂಶಕ್ಕಾಗಿ 11ನ್ನು 5432ರಲ್ಲೇ ಓಡಲು ಬಿಟ್ಟ. ಸೋಮವಾರ ಬೆಳಿಗ್ಗೆ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಹತ್ತೊಂಬತ್ತು ದಿನದ ನಂತರ ಒಬ್ಬ ಗುಮಾಸ್ತ ತಪ್ಪು ಪಟ್ಟಿಯನ್ನು ಒಳಗೆ ಸೇರಿಸಿದ. ದಾಸ್ತಾನಿನ ಲೆಕ್ಕವೆಲ್ಲ ಅಳಿಸಿ ಬೇರೆಯದು ಕೂತಿತು. ಯಾವ ಬ್ಯಾಚ್ ಎಷ್ಟಿದೆ, ಯಾವುದರ ಅವಧಿ ಮುಗಿದಿದೆ ಎಂಬುದೇ ತಿಳಿಯದ ಸ್ಥಿತಿ. ಹುಡುಗ ಗಾಬರಿಯಾಗಲಿಲ್ಲ. ದಿನಾ ರಾತ್ರಿ ಬ್ಯಾಕಪ್ ಆಗುತ್ತಿತ್ತು, ದಿನಾ ಬೆಳಿಗ್ಗೆ ‘ಮುಗಿಯಿತು’ ಎಂಬ ಸಂದೇಶ ಬರುತ್ತಿತ್ತು. ನಿನ್ನೆಯ ಪ್ರತಿಯನ್ನು ಮೊದಲು ಮೂರನೆಯ ಜಾಗವೊಂದರಲ್ಲಿ, 5434ರಲ್ಲಿ, ಬಿಚ್ಚಿ ನೋಡಿದ.

ಅದರಲ್ಲಿದ್ದ ಕೊನೆಯ ಬಿಲ್ಲು ಜನವರಿಯ ಆ ಭಾನುವಾರಕ್ಕೂ ಹಿಂದಿನದು.

ಬ್ಯಾಕಪ್ಪಿನ ಸ್ಕ್ರಿಪ್ಟ್‌ನಲ್ಲಿ ಪೋರ್ಟ್ ಬರೆದಿರಲಿಲ್ಲ. ಬರೆಯದಿದ್ದರೆ ಅದು 5432ಕ್ಕೇ ಹೋಗುತ್ತದೆ. ಹತ್ತೊಂಬತ್ತು ರಾತ್ರಿ ಅದು ಯಾರೂ ಬರೆಯದ ಹಳೆಯ ಖಾತೆಯನ್ನೇ ಶ್ರದ್ಧೆಯಿಂದ ನಕಲು ಮಾಡಿತ್ತು. ಕಡತದ ಗಾತ್ರ ಸರಿ, ಸಂದೇಶ ಸರಿ, ದೋಷವೆಂಬುದು ಎಲ್ಲೂ ಇಲ್ಲ. ಎರಡು ಆವೃತ್ತಿ ಜೊತೆಗಿರುವಾಗಿನ ಅಪಾಯ ಅವು ಜಗಳವಾಡುವುದರಲ್ಲಿಲ್ಲ. ಜಗಳವಾದರೆ ಗೊತ್ತಾಗುತ್ತದೆ. ಎರಡೂ ಸುಖವಾಗಿ ಓಡುತ್ತ, ಯಾವುದು ನಿಜವಾದದ್ದು ಎಂದು ಯಾರೂ ಹೇಳದಿದ್ದರೆ ಕಷ್ಟ.

ಆ ಪ್ರತಿಯನ್ನು ಅವಸರದಲ್ಲಿ 15ರ ಮೇಲೆಯೇ ಸುರಿದಿದ್ದರೆ ಹತ್ತೊಂಬತ್ತು ದಿನದ ಬಿಲ್ಲುಗಳೂ ಹೋಗುತ್ತಿದ್ದವು. ಬೇರೆ ಜಾಗದಲ್ಲಿ ಬಿಚ್ಚುವ ಅಭ್ಯಾಸ ಅವನನ್ನು ಉಳಿಸಿತು. ಬಿಲ್ಲುಗಳ ಕೋಷ್ಟಕಕ್ಕೆ ಏನೂ ಆಗಿರಲಿಲ್ಲ. ಕೆಟ್ಟದ್ದು ದಾಸ್ತಾನು ಮಾತ್ರ. ಹಳೇ ಪ್ರತಿಯ ದಾಸ್ತಾನಿಗೆ ಆಮೇಲಿನ ಖರೀದಿ ಕೂಡಿ, ಮಾರಾಟ ಕಳೆದರೆ ಇವತ್ತಿನ ಲೆಕ್ಕ ಸಿಗಬೇಕು. ರಾತ್ರಿಯೆಲ್ಲ ಕೂತು ಬ್ಯಾಚ್‌ವಾರು ಲೆಕ್ಕ ಕಟ್ಟಿದ. ಮರುದಿನ ಮಳಿಗೆಯ ಹಿರಿಯ ಲೆಕ್ಕಿಗರ ಜೊತೆ ಗೋದಾಮಿಗೆ ಹೋಗಿ ಒಂದೊಂದೇ ಪೆಟ್ಟಿಗೆ ಎಣಿಸಿದ. ಒಡೆದು ಎಸೆದ ಕೆಲವು ಬಾಟಲಿಗಳನ್ನು ಬಿಟ್ಟರೆ ಎಲ್ಲ ತಾಳೆಯಾಯಿತು.

ಚಹಾ ಕುಡಿಯುತ್ತ ಅವನು ನಡೆದದ್ದನ್ನು ಹೇಳಿದ. ಹಿರಿಯರಿಗೆ ಪೋರ್ಟ್ ಎಂದರೆ ಖಿದಿರ್‌ಪುರದ ಹಡಗುಕಟ್ಟೆ. ಆದರೂ ವಿಷಯ ತಟ್ಟನೆ ತಿಳಿಯಿತು.

“ಹಾಲ್‌ಖಾತಾ ಮಾಡುವಾಗ ಹಳೇ ಪುಸ್ತಕಕ್ಕೆ ಕೊನೆಯ ಮೊತ್ತ ಬರೆದು ಕೆಳಗೆ ಗೆರೆ ಎಳೀತೀವಿ, ಭಾಯ್. ಸುಡಲ್ಲ, ಎಸೆಯಲ್ಲ. ಆದ್ರೆ ಅದರಲ್ಲಿ ಇನ್ನು ಯಾರೂ ಬರೆಯೋ ಹಾಗಿಲ್ಲ. ನೀನು ಗೆರೆ ಎಳೆದಿದ್ದೀಯಾ?”

“ಇಲ್ಲ ದಾದಾ.”

ಪಕ್ಕದಲ್ಲೇ ಹೊಸದನ್ನು ಕಟ್ಟುವುದು ಆ ಊರಿಗೆ ಹೊಸತಲ್ಲ. 1874ರಿಂದ ಹೂಗ್ಲಿಯ ಮೇಲೆ ತೇಲುದೋಣಿಗಳ ಸೇತುವೆಯಿತ್ತು. ಈಗಿನ ಹೌರಾ ಸೇತುವೆ ಅದರ ಸಮೀಪದಲ್ಲೇ ಎದ್ದು 1943ರಲ್ಲಿ ತೆರೆಯಿತು. ಅಲ್ಲಿಯವರೆಗೆ ಜನ ಹಳೆಯದರ ಮೇಲೆಯೇ ದಾಟುತ್ತಿದ್ದರು. ಎರಡು ಸೇತುವೆಯಿದ್ದಾಗ ಎಲ್ಲಿ ನಡೆಯಬೇಕು ಎಂಬುದು ಕಣ್ಣಿಗೆ ಕಾಣುತ್ತದೆ. ಯಂತ್ರದೊಳಗೆ ಕಾಣುವುದಿಲ್ಲ, ಬರೆದೇ ಇಡಬೇಕು.

ಅವನು ಬರೆದಿಟ್ಟ. ಯಾವ ಆವೃತ್ತಿ, ಯಾವ ಪೋರ್ಟ್, ಅದನ್ನು ಬಳಸುವವರು ಯಾರು, ಯಾವಾಗ ನಿಲ್ಲಿಸುವುದು ಎಂದು ಒಂದು ಹಾಳೆ ಮಾಡಿ ಗೋಡೆಗೆ ಅಂಟಿಸಿದ. ಪೋರ್ಟ್‌ಗಳನ್ನು ಅದಲುಬದಲು ಮಾಡಿ 5432ನ್ನು ಹೊಸದಕ್ಕೆ ಕೊಟ್ಟ. ಮರೆತವರು ತಲುಪುವ ಜಾಗದಲ್ಲಿ ನಿಜವಾದದ್ದೇ ಇರಬೇಕು. ಹಳೆಯದನ್ನು ಓದಲಷ್ಟೇ ಬರುವಂತೆ ಮಾಡಿದ. ಸ್ಕ್ರಿಪ್ಟ್‌ನಲ್ಲಿ ಆವೃತ್ತಿಯನ್ನೂ ಪೋರ್ಟನ್ನೂ ನಮೂದಿಸಿದ. ಬೆಳಗಿನ ಸಂದೇಶದಲ್ಲಿ ‘ಮುಗಿಯಿತು’ ಎಂಬುದರ ಜೊತೆಗೆ ಪ್ರತಿಯಲ್ಲಿರುವ ಕೊನೆಯ ಬಿಲ್ಲಿನ ತಾರೀಖೂ ಬರತೊಡಗಿತು.

ಏಪ್ರಿಲ್ ಹೊತ್ತಿಗೆ ಚೀಟಿ ಮುದ್ರಣಕ್ಕೆ ಬೇರೆ ದಾರಿಯಾಯಿತು. ಪೊಯ್ಲಾ ಬೈಶಾಖದ ದಿನ ಮಳಿಗೆಯಲ್ಲಿ ಕೆಂಪು ಹೊದಿಕೆಯ ಹೊಸ ಖಾತೆಪುಸ್ತಕಕ್ಕೆ ಪೂಜೆಯಾಯಿತು, ಗಿರಾಕಿಗಳಿಗೆ ಮಿಠಾಯಿ ಹಂಚಿದರು. ಅವನು ಮೇಲೆ ಹೋಗಿ 11ನ್ನು ನಿಲ್ಲಿಸಿದ. ಯಂತ್ರ ಮತ್ತೆ ಹೊತ್ತಿಕೊಂಡರೂ ತಾನಾಗಿ ಏಳದಂತೆ ಗುರುತು ಹಾಕಿದ. ತೆಗೆದುಹಾಕಲಿಲ್ಲ. ಪ್ಯಾಕೇಜನ್ನು ಬೇರು ಸಹಿತ ಕಿತ್ತರೆ ದತ್ತಾಂಶವೂ ಹೋಗುವ ಸಾಧ್ಯತೆಯಿರುತ್ತದೆ. ಆ ಕೆಲಸ ಪ್ರತಿಯನ್ನು ಇನ್ನೊಮ್ಮೆ ಬಿಚ್ಚಿ ನೋಡಿದ ಮೇಲೆ, ಮುಂದಿನ ತಿಂಗಳು.

ಪರದೆಯ ಪಟ್ಟಿಯಲ್ಲಿ ಈಗ ಎರಡು ಸಾಲು. 15ರದು ಹಸಿರು, 11ರದು ಕೆಂಪು. ಕೆಳಗಿನಿಂದ ದಾದಾ ಕೂಗಿ ಕರೆದರು, ಸಂದೇಶ್ ಮುಗಿಯುತ್ತಾ ಬಂದಿತ್ತು.