ನನ್ನ ಅಕ್ಷರದಲ್ಲಿದ್ದ ಪಟ್ಟಿ

ಅಮೆರಿಕದ ಒಹಾಯೊ ರಾಜ್ಯದಲ್ಲಿರುವ ನನ್ನ ತಂಗಿಯ ಮಗ ಪ್ರತಿ ಭಾನುವಾರ ತಪ್ಪದೇ ಕರೆ ಮಾಡುತ್ತಾನೆ. ಅಂಕೋಲೆಯ ಮಳೆ, ಮೀನಿನ ದರ, ನನ್ನ ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ಅಲ್ಲಿಯ ಸುದ್ದಿಗೆ ಬರುತ್ತಾನೆ. ಕಳೆದ ಸಲ ಅಲ್ಲಿಯ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ವಿಷಯ ತೆಗೆದ. ಅವರ ಫುಟ್‌ಬಾಲ್ ನಮ್ಮದಲ್ಲ. ಚೆಂಡು ಮೊಟ್ಟೆಯಾಕಾರದ್ದು, ಕಾಲಿಗಿಂತ ಕೈಗೇ ಹೆಚ್ಚು ಕೆಲಸ. ಅದನ್ನು ನೋಡಲು ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಕ್ರೀಡಾಂಗಣವಿದೆ. ಇಡೀ ಕಾರವಾರ ಪಟ್ಟಣವನ್ನು ಕೂರಿಸಿದರೂ ಅದರಲ್ಲಿ ಜಾಗ ಉಳಿದೀತು.

"ಮಾವಾ, ಒಹಾಯೊದ ಹುಡುಗರನ್ನೇ ಮೊದಲು ಆರಿಸಬೇಕೋ, ಟೆಕ್ಸಾಸು, ಫ್ಲೋರಿಡಾ ಕಡೆಯಿಂದ ತರಬೇಕೋ ಅಂತ ಇಲ್ಲಿ ಯಾವಾಗಲೂ ಜಗಳ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಅದೇ ಜಗಳ ನಮ್ಮ ಜಿಲ್ಲೆಯಲ್ಲೂ ಒಮ್ಮೆ ನಡೆದಿತ್ತು, ಮತ್ತು ಅದರಲ್ಲಿ ನಾನಿದ್ದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಈ ಕಥೆ ಅರ್ಧ ಗೊತ್ತು. ಉಳಿದರ್ಧವನ್ನು ಇಂದು ಬರೆಯುತ್ತಿದ್ದೇನೆ.

ಅದು 2002ನೆಯ ಇಸವಿ. ಜಿಲ್ಲೆಯ ಒಂದು ಕಾಲೇಜು. ಹೆಸರು ಇಲ್ಲಿ ಬೇಡ. ಆ ಕಾಲೇಜಿನ ಕ್ರೀಡಾ ಸಮಿತಿಗೆ ಹೊರಗಿನವನಾದ ನನ್ನನ್ನೂ ಸೇರಿಸಿಕೊಂಡಿದ್ದರು. ನಾನು ಕನ್ನಡ ಕಲಿಸುವ ಪ್ರೌಢಶಾಲಾ ಮಾಸ್ತರ. ಆಟದಲ್ಲಿ ನನ್ನ ಪಾಂಡಿತ್ಯವೆಂದರೆ ತರುಣನಾಗಿದ್ದಾಗ ಕಾರವಾರದ ಮಾಲಾದೇವಿ ಮೈದಾನದಲ್ಲಿ ನಿಂತು ನೋಡಿದ ಪಂದ್ಯಗಳಷ್ಟೇ. ಆದರೆ ತಂಡಕ್ಕೆ ಬರುವ ಹುಡುಗರಲ್ಲಿ ಹಲವರು ನನ್ನ ಶಾಲೆಯಿಂದ ಹೋದವರಾದ್ದರಿಂದ ಅವರ ಗುಣದೋಷ ಬಲ್ಲವನೆಂದು ನನ್ನನ್ನು ಕರೆದಿದ್ದರು.

ಕರ್ನಾಟಕ ವಿಶ್ವವಿದ್ಯಾಲಯದ ಅಂತರ್ ಕಾಲೇಜು ಪಂದ್ಯಾವಳಿಯಲ್ಲಿ ಗೆಲ್ಲಬೇಕೆಂಬ ಹಂಬಲ ಆ ವರ್ಷ ಆಡಳಿತದವರಿಗೆ ಹುಟ್ಟಿತ್ತು. ನಮ್ಮ ಹುಡುಗರು ಕರಾವಳಿಯ ಮರಳಿನಲ್ಲಿ ಚೆನ್ನಾಗಿ ಆಡುವವರು. ಧಾರವಾಡದ ಗಟ್ಟಿ ನೆಲದಲ್ಲಿ ಪ್ರತಿ ಸಲ ಮುಗ್ಗರಿಸಿ ಬರುತ್ತಿದ್ದರು. ಸಭೆಯಲ್ಲಿ ಒಬ್ಬರು ಪರಿಹಾರ ಹೇಳಿದರು. ಗೋವೆಯಿಂದ ಇಬ್ಬರು, ಮಲಬಾರಿನಿಂದ ಇಬ್ಬರು. ಶುಲ್ಕವಿಲ್ಲ, ವಸತಿ ಊಟ ಕಾಲೇಜಿನದು. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಮಲಬಾರಿನ ಹುಡುಗ ರಾತ್ರಿ ಹತ್ತಿದರೆ ಬೆಳಿಗ್ಗೆ ಕಾರವಾರದಲ್ಲಿ ಇಳಿಯಬಹುದಾಗಿತ್ತು. ಆ ಹಳಿ ಇಲ್ಲದಿದ್ದರೆ ಈ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲವೇನೋ.

ನಿಯಮದಲ್ಲಿ ಇದಕ್ಕೆ ಅಡ್ಡಿಯೂ ಇರಲಿಲ್ಲ. ವಿಶ್ವವಿದ್ಯಾಲಯದ ಪಂದ್ಯಗಳಲ್ಲಿ ಕೇಳುವುದು ಆಟಗಾರ ನಿಜವಾಗಿ ದಾಖಲಾದ ಪೂರ್ಣಾವಧಿ ವಿದ್ಯಾರ್ಥಿಯೇ, ವಯಸ್ಸು ಮಿತಿಯೊಳಗಿದೆಯೇ ಎಂದು, ಯಾವ ರಾಜ್ಯದವನೆಂದಲ್ಲ.

ಇನ್ನು ಸ್ಥಳೀಯ ಎಂಬ ಮಾತು. ನಮ್ಮ ಗಡಿನಾಡಿನಲ್ಲಿ ಅದು ಎಷ್ಟು ಜಾರುವ ಮಾತೆಂದು ಯೋಚಿಸಿ. 1952ರಲ್ಲಿ ಮೈಸೂರು ಸಂತೋಷ್ ಟ್ರೋಫಿ ಗೆದ್ದಾಗ ಕಾರವಾರ, ಅಂಕೋಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ಲೆಕ್ಕದ ಪ್ರಕಾರ ಅದು ನಮಗೆ ನೆರೆರಾಜ್ಯದ ಗೆಲುವು. 1954ರಲ್ಲಿ ಮುಂಬಯಿ ಗೆದ್ದದ್ದೇ ನಮ್ಮ ಗೆಲುವು! 1956ರ ನವೆಂಬರ್ 1ರಂದು ನಾವು ಮೈಸೂರಿನವರಾದೆವು. ಮಾಜಾಳಿಯ ಆಚೆಯ ಗೋವೆ 1961ರ ಡಿಸೆಂಬರಿನವರೆಗೆ ಪೋರ್ಚುಗೀಸರದು. ಆಮೇಲೂ ಕಾರವಾರ ಯಾರದೆಂಬ ವಾದ ನಿಲ್ಲಲಿಲ್ಲ. ಮಹಾಜನ ಆಯೋಗ ಬಂತು, ಹೋಯಿತು. ಆದರೆ ಕಾಳಿ ನದಿಯ ಎರಡೂ ಕಡೆ ಕೊಂಕಣಿಯಾಡುವ ಮಕ್ಕಳು ಒಂದೇ ಬಗೆಯಲ್ಲಿ ಚೆಂಡು ಒದೆಯುತ್ತಿದ್ದರು. 1983ರಲ್ಲಿ ಗೋವೆ ಬಂಗಾಳದೊಡನೆ ಮೊದಲ ಬಾರಿ ಸಂತೋಷ್ ಟ್ರೋಫಿ ಹಂಚಿಕೊಂಡಾಗ, ಮರುವರ್ಷ ಒಂಟಿಯಾಗಿಯೇ ಗೆದ್ದಾಗ, ಕಾರವಾರದ ಹೋಟೆಲುಗಳಲ್ಲಿ ಆದ ಸಂಭ್ರಮವನ್ನು ನಾನೇ ಕಂಡಿದ್ದೇನೆ. ಆಗ ಯಾರೂ ಅದು ಪರರಾಜ್ಯವೆಂದು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋಗಲಿಲ್ಲ.

ಇಷ್ಟೆಲ್ಲ ನನಗೆ ಅಂದೂ ಗೊತ್ತಿತ್ತು. ಗೊತ್ತಿದ್ದದ್ದೇ ನನಗೆ ಅನುಕೂಲವಾಯಿತು. ಸುಮ್ಮನಿರಲು ಕಾರಣ ಬೇಕಾದಾಗ ಇತಿಹಾಸ ಬಹಳ ಉಪಯೋಗಕ್ಕೆ ಬರುತ್ತದೆ.

ಏಕೆಂದರೆ ಹೊರಗಿನವರು ನಾಲ್ವರು ಬಂದರೆ ಇಲ್ಲಿಯವರು ನಾಲ್ವರು ಹೋಗಬೇಕು. ಹೋಗಬೇಕಾದವರಲ್ಲಿ ಒಬ್ಬ ನನ್ನ ವಿದ್ಯಾರ್ಥಿ, ಗೋಲ್‌ಕೀಪರ್. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟ ಸಾವಿರಾರು ಕುಟುಂಬಗಳಲ್ಲಿ ಅವನದೂ ಒಂದು. ಹುಟ್ಟಿದ ಮನೆ, ಚೆಂಡಾಡಿದ ಕಡಲತೀರ ಎರಡೂ ಬೇಲಿಯೊಳಗೆ ಸೇರಿಹೋಗಿದ್ದವು. ಅವರು ಪುನರ್ವಸತಿಯ ಬಡಾವಣೆಯಲ್ಲಿದ್ದರು. ಎಂಟನೆಯ ತರಗತಿಗೆ ಬಂದಾಗ ಅವನ ಅಕ್ಷರ ಏಡಿ ನಡೆದಂತಿತ್ತು. ನಾನು ಕಾಪಿ ಪುಸ್ತಕದಲ್ಲಿ ಮೇಲಿನ ಸಾಲು ಬರೆದುಕೊಟ್ಟು ಕೆಳಗೆ ಅವನಿಂದ ತಿದ್ದಿಸುತ್ತಿದ್ದೆ. ಎಸ್ಸೆಸ್ಸೆಲ್ಸಿಯ ಹೊತ್ತಿಗೆ ಅವನ ‘ಳ’ ಥೇಟು ನನ್ನ ‘ಳ’ದಂತೆಯೇ ಆಗಿತ್ತು.

ಸಭೆಯಲ್ಲಿ ಅಧ್ಯಕ್ಷರು ಎಲ್ಲರ ಅಭಿಪ್ರಾಯ ಕೇಳಿದರು. ನನ್ನ ಸರದಿ ಬಂದಾಗ "ಕಾಲೇಜಿನ ಹಿತ ಮುಖ್ಯ" ಎಂದೆ. ಅದು ಒಪ್ಪಿಗೆಯೂ ಅಲ್ಲ, ವಿರೋಧವೂ ಅಲ್ಲ ಎಂದು ಆಗ ಸಮಾಧಾನಪಟ್ಟುಕೊಂಡೆ. ಸಭೆ ಮುಗಿದ ಮೇಲೆ ಗುಮಾಸ್ತರು ಕಾಗದ ತಂದು, "ಮಾಸ್ತರ್ರೇ, ನಿಮ್ಮ ಅಕ್ಷರ ಚಂದ. ಪಟ್ಟಿ ನೀವೇ ಬರೆದುಬಿಡಿ" ಎಂದರು. ಹದಿನಾರು ಹೆಸರುಗಳನ್ನು ದುಂಡಗೆ ಬರೆದೆ. ಅವನ ಹೆಸರು ಅದರಲ್ಲಿರಲಿಲ್ಲ. ಮರುದಿನ ಅದು ಸೂಚನಾ ಫಲಕಕ್ಕೆ ಬಿತ್ತು.

ತಂಡ ಧಾರವಾಡಕ್ಕೆ ಹೋಯಿತು, ಮೊದಲ ಪಂದ್ಯ ಗೆದ್ದಿತು. ಎರಡನೆಯದರಲ್ಲಿ ಮಲಬಾರಿನ ಗೋಲ್‌ಕೀಪರ್ ಹುಡುಗನ ಮೊಣಕಾಲು ತಿರುಚಿತು; ಸೋತು ಬಂದರು. ಆ ಹುಡುಗನ ವಿಷಯವನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾದೀತು. ನಾನು ಅವನನ್ನು ಮನಸ್ಸಿನಲ್ಲೇ ದೂರಿಕೊಂಡಿದ್ದೆ. ಆಸ್ಪತ್ರೆಯಲ್ಲಿ ನೋಡಿದರೆ ಹತ್ತೊಂಬತ್ತರ ಪೋರ. ಕನ್ನಡ ಬಾರದು, ಹಿಂದಿ ಅರ್ಧಂಬರ್ಧ. ಮಲಬಾರಿನಲ್ಲಿ ಸೆವೆನ್ಸ್ ಎಂಬ ಏಳು ಜನರ ಆಟವಿದೆ, ಬೇಸಿಗೆಯ ರಾತ್ರಿಗಳಲ್ಲಿ ದೀಪ ಹಾಕಿ ಆಡುತ್ತಾರೆ. ಅಲ್ಲಿಯ ತಂಡಗಳು ಆಫ್ರಿಕಾದಿಂದಲೂ ಆಟಗಾರರನ್ನು ಕರೆಸುತ್ತವೆ. ಹಾಗಾಗಿ ತನ್ನ ಊರಿನಲ್ಲೇ ತನಗೆ ಜಾಗ ಸಿಗದೆ ಇಲ್ಲಿಗೆ ಬಂದೆನೆಂದು ಕೈಸನ್ನೆಯಲ್ಲಿ ತಿಳಿಸಿದ. ಮುಂದಿನ ವರ್ಷ, ಆಡಲಾಗದವನಿಗೆ ಶುಲ್ಕವಿನಾಯಿತಿ ಏಕೆಂದು ಸಮಿತಿಯಲ್ಲಿ ಪ್ರಶ್ನೆ ಬಂತು. ಅವನು ಪದವಿ ಮುಗಿಸದೆ ರೈಲು ಹತ್ತಿದ. ಆ ಸಭೆಗೆ ನಾನು ಹೋಗಿರಲಿಲ್ಲ. ಹೋಗಿದ್ದರೆ ಏನಾದರೂ ಹೇಳುತ್ತಿದ್ದೆನೆಂದು ಪ್ರಮಾಣ ಮಾಡಲಾರೆ.

ಹೊರಗಿನಿಂದ ಹುಡುಗರು ಬರುವುದಕ್ಕೆ ನನ್ನ ತಕರಾರಿಲ್ಲ. ಓದಲೆಂದು ಬಂದವನು ಎಲ್ಲಿಯವನಾದರೂ ಆ ಕಾಲೇಜಿನವನೇ. ಆದರೆ ನಾವು ಕರೆದದ್ದು ವಿದ್ಯಾರ್ಥಿಯನ್ನಲ್ಲ, ಒಂದು ಜೊತೆ ಕೈಗಳನ್ನು. ಮನೆಬಾಗಿಲಿನಲ್ಲಿದ್ದ ಇನ್ನೊಂದು ಜೊತೆಯನ್ನು ಬೇಡವೆಂದು ಕಳಿಸಿ. ಧಾರವಾಡದ ಗಟ್ಟಿ ನೆಲ ನಮ್ಮ ಹುಡುಗರಿಗೆ ಕಷ್ಟವಾಗಿದ್ದರೆ ಒಂದು ತಿಂಗಳು ಮೊದಲೇ ಗಟ್ಟಿ ನೆಲದಲ್ಲಿ ಅಭ್ಯಾಸ ಮಾಡಿಸಬಹುದಿತ್ತು. ಆ ಸರಳ ಮಾತನ್ನು ಸಭೆಯಲ್ಲಿ ಯಾರೂ ಆಡಲಿಲ್ಲ. ನಾನೂ ಆಡಲಿಲ್ಲ. ನಮ್ಮ ಜಿಲ್ಲೆಯಲ್ಲೇ, 1980ರ ದಶಕದ ಕೊನೆಯಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರದವರು ಹಳಿಯಾಳ, ಯಲ್ಲಾಪುರದ ಕಾಡುಗಳಿಗೆ ಹೋಗಿ ಸಿದ್ದಿ ಮಕ್ಕಳನ್ನು ಹುಡುಕಿ ಓಟಕ್ಕೆ ತರಬೇತಿ ಕೊಟ್ಟಿದ್ದರು. ಅದೂ ನಡುವಿನಲ್ಲೇ ನಿಂತಿತು. ಕರೆತರುವಷ್ಟೇ ಉತ್ಸಾಹ ಇಟ್ಟುಕೊಳ್ಳುವುದಕ್ಕೂ ಬೇಕು.

2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ 3-2ರಿಂದ ಮೇಘಾಲಯವನ್ನು ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಆ ರಾತ್ರಿ ನಾನು ಎಚ್ಚರವಿದ್ದೆ. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಾಂ, ರಾಬಿನ್ ಯಾದವ್. ಕೊನೆಯ ಎರಡು ಹೆಸರು ನಮ್ಮ ಕಡೆ ಕೇಳಿಬರುವಂಥವಲ್ಲ. ಮನೆಯಲ್ಲಿ ಯಾರೂ ಅವರು ಎಲ್ಲಿಯವರೆಂದು ಕೇಳಲಿಲ್ಲ, ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಆಮೇಲೆ ಹಾಸಿಗೆಯಲ್ಲಿ ಮಲಗಿದಾಗ ಆ ಪಟ್ಟಿ ನೆನಪಾಯಿತು.

ಮರುವರ್ಷ, ಕಾಳಿಯ ಹಳೆಯ ಸೇತುವೆ ಕುಸಿದ (2024ರ ಆಗಸ್ಟ್ 7) ಸ್ವಲ್ಪ ದಿನಗಳ ಮೇಲೆ, ಸದಾಶಿವಗಡಕ್ಕೆ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವನು ತಲೆ ನರೆತ ನಡುವಯಸ್ಕ. "ಮಾಸ್ತರ್ರೇ, ಗುರ್ತು ಸಿಕ್ತಾ?" ಎಂದ. ದನಿಯಿಂದ ಗುರುತು ಹಿಡಿದೆ. ಕಾಲೇಜು ಅರ್ಧಕ್ಕೆ ಬಿಟ್ಟು ಗೋವೆಗೆ ಹೋದನಂತೆ. ಹೋಟೆಲಿನಲ್ಲಿ ಕೆಲಸ, ಸಂಜೆ ಅಲ್ಲಿಯ ಒಂದು ಹಳ್ಳಿಯ ತಂಡದಲ್ಲಿ ಗೋಲು ಕಾಯುವುದು. ಮೂರು ವರ್ಷ ಆಡಿದ ಮೇಲೆ ಅಲ್ಲಿಯೂ ಒಬ್ಬರು, ಹೊರಗಿನವರು ಸಾಕು, ನಮ್ಮೂರ ಹುಡುಗರಿಗೆ ಅವಕಾಶ ಕೊಡೋಣ ಎಂದರಂತೆ. ಅದನ್ನು ಹೇಳುವಾಗ ಅವನು ನಿಜವಾಗಿಯೂ ನಕ್ಕ. ಈಗ ಅವನದೇ ಒಂದು ಪುಟ್ಟ ದೋಣಿ ಇದೆ.

ನಾನು ಆ ಪಟ್ಟಿಯ ಮಾತೆತ್ತಿದೆ. ತಪ್ಪಾಯಿತೆಂದು ಹೇಳಬೇಕೆಂದಿದ್ದೆ, ಗಂಟಲಲ್ಲಿ ಅನ್ನ ಸಿಕ್ಕಿತು.

"ನೋಡಿದ್ದೆ, ಮಾಸ್ತರ್ರೇ. ನಿಮ್ಮ ಅಕ್ಷರ ಅಂತ ದೂರದಿಂದ್ಲೇ ಗೊತ್ತಾಯ್ತು. ಹಾಂಗಾಗಿ ನನ್ನ ಹೆಸ್ರು ಇದ್ದೇ ಇರ್ತದೆ ಅಂದ್ಕಂಡು ಮೂರು ಸಲ ಓದ್ದೆ."

ಬಡಿಸುವವರು ಪಾಯಸ ತಂದರು. ಅವನು ನನ್ನ ಎಲೆಗೆ ಇನ್ನೊಂದು ಸೌಟು ಹಾಕಿಸಿದ.