ಎಳ್ಳ ಅಮಾಸಿ ಬುತ್ತಿಯಲ್ಲಿ ಮೆತ್ತನೆಯ ಕುಕೀಸ್

ಡಿಸೆಂಬರ್ ಬಂತೆಂದರೆ ನಮ್ಮ ಬೆಂಗಳೂರಿನ ಆಫೀಸಿನಲ್ಲಿ ಡಬ್ಬಿಗಟ್ಟಲೆ ಕುಕೀಸ್ ಓಡಾಡುತ್ತವೆ. ಈ ಸಲ ಗೆಳತಿಯೊಬ್ಬಳು ಜರ್ಮನಿಯಿಂದ ಲೆಬ್‌ಕೂಖನ್ ತಂದಿದ್ದಳು. ಜೇನುತುಪ್ಪ, ಲವಂಗ, ಏಲಕ್ಕಿ ಹಾಕಿ ಕ್ರಿಸ್‌ಮಸ್‌ಗೆ ಮಾಡುವ ಮೆತ್ತನೆಯ ಕುಕಿ. ಬಾಯಿಗಿಟ್ಟ ಕೂಡಲೇ ನನಗೆ ಅಜ್ಜಿ ನೆನಪಾದಳು.

ನವಲಗುಂದ ತಾಲ್ಲೂಕಿನ ಹಳ್ಳಿಯಲ್ಲಿರುವ ಅಜ್ಜಿಗೆ ಈಗ ಉಳಿದಿರುವುದು ಮೂರೇ ಹಲ್ಲು. ಹೋದ ವರ್ಷ ಎಳ್ಳ ಅಮಾವಾಸ್ಯೆಗೆ ಹೊಲಕ್ಕೇ ಬರಲಿಲ್ಲ. "ನೀವೆಲ್ಲಾ ಕಟುಂ ಕಟುಂ ಅಂತ ಸಜ್ಜಿ ರೊಟ್ಟಿ ಕಡಿಯೂ ಮುಂದ ನಾ ನಿಮ್ಮ ಬಾಯಿ ನೋಡಕೋತ ಕುಂದರ್ಲೇನು?" ಅಂತ ನಕ್ಕಿದ್ದಳು. ಆ ನಗು ನನಗೆ ವರ್ಷವಿಡೀ ಚುಚ್ಚಿತ್ತು.

ಹಾಗಾಗಿ ಈ ಸಲ ಹಬ್ಬಕ್ಕೆ ಎರಡು ದಿನ ಮೊದಲೇ ಊರಿಗೆ ಹೊರಟೆ. ರಾತ್ರಿ ರೈಲಿಗೆ ಹುಬ್ಬಳ್ಳಿ, ಅಲ್ಲಿಂದ ಬಸ್ಸಿನಲ್ಲಿ ನವಲಗುಂದ, ಸುಮಾರು 35 ಕಿ.ಮೀ. 1980ರ ರೈತ ಬಂಡಾಯದ ಊರು, ಜಮಖಾನೆಗೂ ಹೆಸರುವಾಸಿ. ದಾರಿಯ ಎರಡೂ ಕಡೆ ಕಣ್ಣು ಹಾಯುವವರೆಗೂ ಎರೆ ಹೊಲ. ಕಡಲೆ, ಬಿಳಿಜೋಳ, ಕುಸುಬಿ. ಕಿಟಕಿಯಿಂದ ಬರುವ ಗಾಳಿಗೆ ಸ್ವೆಟರ್ ಸಾಲದು.

"ಓವನ್ ಇಲ್ಲ ಏನಿಲ್ಲ, ಬಿಸ್ಕಿಟ್ ಹೆಂಗ ಮಾಡ್ತಿ?" ಅಂದಳು ಅವ್ವ. ದಪ್ಪ ತಳದ ಬೋಗುಣಿಗೆ ಒಂದಿಂಚು ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಳ ಹಾಕಿ ಹತ್ತು ನಿಮಿಷ ಕಾಯಿಸಿದೆ. ಅದೇ ನಮ್ಮ ಓವನ್.

ಗಿರಣಿಯಿಂದ ಆಗಷ್ಟೇ ಬೀಸಿಕೊಂಡು ಬಂದ ಸಜ್ಜಿ ಹಿಟ್ಟು ಒಂದು ಕಪ್ (ಹಳೆಯ ಹಿಟ್ಟು ಬೇಗ ಕಹಿಯಾಗುತ್ತೆ, ನೆನಪಿರಲಿ), ಗೋಧಿ ಹಿಟ್ಟು ಒಂದು ಕಪ್, ಪುಡಿ ಬೆಲ್ಲ ಮುಕ್ಕಾಲು ಕಪ್, ತುಪ್ಪ ಅರ್ಧ ಕಪ್. ಒಣಶುಂಠಿ ಪುಡಿ ಒಂದು ಚಮಚ, ಏಲಕ್ಕಿ, ಎರಡು ಲವಂಗ, ಚೂರು ಜಾಜಿಕಾಯಿ, ಅರ್ಧ ಚಮಚ ಸೋಡಾ, ಚಿಟಿಕೆ ಉಪ್ಪು. ಮೂರು ಚಮಚ ಹಾಲಿನಲ್ಲಿ ಕಲಸಿ, ತಟ್ಟಿ, ಎಳ್ಳು ಉದುರಿಸಿ 25 ನಿಮಿಷ ಬೇಯಿಸಿದೆ.

ಕಲ್ಲು! ಅಜ್ಜಿ ಒಂದನ್ನು ಚಹಾದಲ್ಲಿ ಅದ್ದಿ, ತಿರುಗಿಸಿ ನೋಡಿ, ಮೆಲ್ಲಗೆ ಬಟ್ಟಲಲ್ಲಿ ಇಟ್ಟಳು. "ವಾಸನಿ ಚಲೋ ಐತಿ ಬಿಡವ್ವಾ" ಅಂದಳು. ನನಗೆ ಅಳುವೇ ಬಂತು.

ರಾತ್ರಿ ಯೋಚಿಸಿದಾಗ ತಪ್ಪು ಗೊತ್ತಾಯಿತು. ಸಜ್ಜಿ ಹಿಟ್ಟು ನೀರು ಜಾಸ್ತಿ ಕುಡಿಯುತ್ತೆ. ನಾನು ಹಾಕಿದ ಹಾಲು ಅದಕ್ಕೆ ಸಾಕಾಗಿರಲಿಲ್ಲ. ಮೇಲಾಗಿ ನಡುಭಾಗ ಗಟ್ಟಿಯಾಗುವವರೆಗೂ ಕಾದಿದ್ದೆ. ಕುಕಿ ಆರುವಾಗ ತಾನೇ ಗಟ್ಟಿಯಾಗುತ್ತೆ.

ಮರುದಿನ ನಾಲ್ಕು ಚಮಚ ಹಾಲಿಗೆ ಎರಡು ಚಮಚ ಮೊಸರು ಸೇರಿಸಿ, ಹಿಟ್ಟನ್ನು ಅರ್ಧ ಗಂಟೆ ನೆನೆಯಲು ಬಿಟ್ಟೆ. ಸ್ವಲ್ಪ ದಪ್ಪಗೆ ತಟ್ಟಿದೆ. ಸಣ್ಣ ಉರಿಯಲ್ಲಿ 15 ನಿಮಿಷ. ಅಂಚು ಕೆಂಪಾಗಿ, ನಡುಭಾಗ ಇನ್ನೂ ಮೆತ್ತಗಿರುವಾಗಲೇ ಇಳಿಸಿದೆ. ಪೂರ್ತಿ ಆರಿದ ಮೇಲೆ ಬಿಗಿಯಾದ ಡಬ್ಬಿಗೆ ಹಾಕಿದೆ. ನಮ್ಮ ಕಡೆಯ ಚಳಿಗಾಲದ ಒಣ ಗಾಳಿಗೆ ತೆರೆದಿಟ್ಟರೆ ಮತ್ತೆ ಕಲ್ಲೇ.

ಅಮಾಸಿ ದಿನ ಬುತ್ತಿ ಹೊತ್ತು ಟ್ರ್ಯಾಕ್ಟರ್ ಹತ್ತಿದೆವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಜೊತೆಗೆ ನನ್ನ ಡಬ್ಬಿ. ಅಜ್ಜಿಯೂ ಬಂದಳು, "ಹೊಲ ನೋಡಿ ಬರ್ತೀನಿ ಅಷ್ಟ" ಅನ್ನುತ್ತಾ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ, ಕಾಕಾ ಹೊಲದ ಸುತ್ತ ಚರಗ ಚೆಲ್ಲಿದ ಮೇಲೆ ಎಲ್ಲರೂ ಜಮಖಾನೆ ಮೇಲೆ ಊಟಕ್ಕೆ ಕೂತೆವು.

ಅಜ್ಜಿ ಒಂದು ಕುಕಿ ತಗೊಂಡಳು. ಎರಡು ಬೆರಳಲ್ಲಿ ಒತ್ತಿದಳು, ಮುರಿಯಿತು. ಬಾಯಿಗೆ ಹಾಕಿಕೊಂಡು ಸುಮ್ಮನೆ ಹೊಲ ನೋಡುತ್ತಾ ಕೂತಳು. ಆಮೇಲೆ ಇನ್ನೊಂದು. ಮೂರನೆಯದನ್ನು ಕೈಯಲ್ಲೇ ಪುಡಿ ಮಾಡಿ, ಎದ್ದು ನಿಂತು, ಕಡಲೆ ಸಾಲಿಗೆ ಚೆಲ್ಲಿದಳು.

"ಭೂಮಿತಾಯಿಗೂ ವಯಸ್ಸಾಗೇತಿ, ಆಕಿಗೂ ಮೆತ್ತಂದು ಬೇಕಲಾ" ಅಂತ ನಕ್ಕಳು. ಕೂತವಳೇ ನನ್ನ ಕಡೆ ತಿರುಗಿ, "ಮುಂದಿನ ವರ್ಷ ಎಳ್ಳು ಒಂಚೂರು ಜಾಸ್ತಿ ಹಾಕ ಯವ್ವಾ" ಅಂದಳು.