ಕತ್ತರಿ ಎಲ್ಲಿದೆ?

ಮನೆಯೊಳಗೆ ಕತ್ತರಿಯಷ್ಟು ಊರೂರು ಸುತ್ತುವ ಸಾಮಾನು ಇನ್ನೊಂದಿಲ್ಲ. ಹಾಲಿನ ಪ್ಯಾಕೆಟ್ಟಿಗೆಂದು ಅಡುಗೆಮನೆಗೆ ಬಂದದ್ದು, ಕೊರಿಯರ್ ಬಿಚ್ಚಲು ಹಾಲಿಗೆ ಹೋಗಿ, ಮಗಳ ಪ್ರಾಜೆಕ್ಟಿನ ಚಾರ್ಟ್ ಪೇಪರಿನ ಜೊತೆ ಮಂಚದಡಿ ಸೇರಿಬಿಡುತ್ತದೆ. ಸ್ಕೂಲ್ ವ್ಯಾನು ಬರುವ ಹೊತ್ತಿಗೇ ಯಾರಿಗೋ ಅದು ಬೇಕಾಗುತ್ತದೆ. “ಕತ್ತರಿ ಎಲ್ಲಿದೆ?” ಎಂದು ಗಾಳಿಗೆ ಕೂಗಿದರೂ ಪ್ರಶ್ನೆ ಹೋಗಿ ಬೀಳುವುದು ಒಬ್ಬಳ ತಲೆಯ ಮೇಲೆ. “ಫ್ರಿಜ್ಜಿನ ಮೇಲೆ, ಪೇಪರಿನ ಕೆಳಗೆ ನೋಡಿ” ಎನ್ನುತ್ತಾಳೆ ದೋಸೆ ಹುಯ್ಯುತ್ತಿರುವವಳು. “ಇಲ್ವಲ್ಲೇ!” ಎಂದು ಗಂಡ. ಆಕೆಯೇ ಬಂದು ಪೇಪರ್ ಎತ್ತಿದರೆ ಕತ್ತರಿ ಅಲ್ಲೇ ಕೂತಿರುತ್ತದೆ. ಅಷ್ಟರಲ್ಲಿ ಕಾವಲಿಯ ಮೇಲಿನ ದೋಸೆ ಸೀದಿರುತ್ತದೆ.

ಮನೆ ಓರಣವಾಗಿಟ್ಟರೆ ಮನಸ್ಸು ಹಗುರ ಎನ್ನುವವರು ಬಹಳ. ನಿಜವೇ. ಆದರೆ ಅವರು ಹೇಳುವ ಓರಣ ಬಹುಮಟ್ಟಿಗೆ ಕಣ್ಣಿನದು: ಒಂದೇ ಅಳತೆಯ ಗಾಜಿನ ಬಾಟಲಿ, ಒಂದೇ ಬಣ್ಣದ ಬುಟ್ಟಿ. ಕೈಯ ಓರಣ ನೋಡಬೇಕೆಂದರೆ ಒಗ್ಗರಣೆ ಡಬ್ಬಿ ತೆರೆಯಬೇಕು. ಸ್ಟೀಲಿನ ದುಂಡು ಡಬ್ಬಿ, ಒಳಗೆ ಏಳು ಬಟ್ಟಲು, ಒಂದು ಪುಟ್ಟ ಚಮಚ. ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ, ಕಡಲೆಬೇಳೆ, ಅರಿಶಿನ, ಒಣಮೆಣಸಿನಕಾಯಿ. ಎಣ್ಣೆ ಕಾದ ಮೇಲೆ ಹುಡುಕುತ್ತ ನಿಲ್ಲಲು ಪುರುಸೊತ್ತೆಲ್ಲಿ? ಸಾಸಿವೆ ಸಿಡಿದ ಬೆನ್ನಿಗೇ ಬೇಳೆ ಬೀಳಬೇಕು, ಅದು ಕೆಂಪಾಗುವಷ್ಟರಲ್ಲಿ ಕರಿಬೇವು ಕೈಗೆ ಬರಬೇಕು. ಅದಕ್ಕೇ ಒಟ್ಟಿಗೆ ಬೇಕಾದದ್ದು ಒಟ್ಟಿಗಿದೆ, ಅದೂ ಒಲೆಯ ಪಕ್ಕದಲ್ಲೇ. ಚೀಟಿ ಅಂಟಿಸಿಲ್ಲ. ಹಬ್ಬಕ್ಕೆ ಬಂದ ನಾದಿನಿಯೂ ಯಾರನ್ನೂ ಕೇಳದೆ ಸಾರಿಗೆ ಒಗ್ಗರಣೆ ಹಾಕಿಬಿಡುತ್ತಾಳೆ.

ಅದೇ ಅಡುಗೆಮನೆಯ ಮೇಲಿನ ಶೆಲ್ಫಿನ ಕಥೆಯೇ ಬೇರೆ. ಬೌರ್ನ್‌ವಿಟಾ ಡಬ್ಬಿಯಲ್ಲಿ ಹೆಸರುಬೇಳೆ, ಹಾರ್ಲಿಕ್ಸ್ ಬಾಟಲಿಯಲ್ಲಿ ಚಿರೋಟಿ ರವೆ, ಬಿಸ್ಕತ್ತಿನ ಟಿನ್ನಿನಲ್ಲಿ ಸೂಜಿದಾರ. ಇದರ ನಕ್ಷೆ ಇರುವುದು ಮನೆಯೊಡತಿಯ ತಲೆಯಲ್ಲಿ ಮಾತ್ರ. ಆಕೆ ಮಗಳ ಬಾಣಂತನಕ್ಕೆಂದು ಹೋದಳೋ, ಫೋನು ಶುರು: “ಉಪ್ಪಿಟ್ಟಿನ ರವೆ ಯಾವ ಡಬ್ಬಿಯಲ್ಲಿದೆ?” ಹಸುಗೂಸಿಗೆ ಎಣ್ಣೆ ಹಚ್ಚುತ್ತಲೇ ಆಕೆ ನೂರಾರು ಮೈಲಿ ದೂರದಿಂದ ದಾರಿ ತೋರಿಸಬೇಕು.

ಹುಡುಕುವವರ ಹೊತ್ತಿನ ಚಿಂತೆ ಗ್ರಂಥಾಲಯಗಳಿಗೂ ಇದೆ. ಗ್ರಂಥಾಲಯ ವಿಜ್ಞಾನದ ತಜ್ಞ ಎಸ್. ಆರ್. ರಂಗನಾಥನ್ ಮದ್ರಾಸಿನಲ್ಲಿದ್ದಾಗ, 1931ರಲ್ಲಿ, ಐದು ಸೂತ್ರಗಳ ಪುಸ್ತಕ ತಂದರು. ಅವರ ನಾಲ್ಕನೆಯ ಸೂತ್ರ ಓದುಗನ ಹೊತ್ತು ಉಳಿಸುವುದನ್ನು ಕುರಿತದ್ದು. ಗ್ರಂಥಪಾಲರನ್ನು ಕೇಳದೆ ಪುಸ್ತಕ ಸಿಗಬೇಕು ಎನ್ನುವವರು ನಾವು. ಮನೆಯಲ್ಲಿ ಮಾತ್ರ ಗೃಹಿಣಿಯನ್ನೇ ಕ್ಯಾಟಲಾಗ್ ಮಾಡಿಕೊಂಡು ಕೂತಿದ್ದೇವೆ.

ಈ ಹೊರೆ ಯಾರಿಗೆ ತಟ್ಟುತ್ತದೆಂದು ನೋಡಿ. ಲಾಸ್ ಏಂಜಲೀಸಿನಲ್ಲಿ ಇಬ್ಬರೂ ದುಡಿಯುವ ದಂಪತಿಗಳ ಕೈಗೆ ಕ್ಯಾಮೆರಾ ಕೊಟ್ಟು, ನಿಮ್ಮ ಮನೆ ತೋರಿಸಿ ಎಂದು ಕೇಳಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮನೆ ತೋರಿಸುತ್ತ ಅಸ್ತವ್ಯಸ್ತ, ಅರ್ಧಂಬರ್ಧ ಎಂದು ಹೆಚ್ಚಾಗಿ ಹೇಳಿಕೊಂಡ ಹೆಂಗಸರಲ್ಲಿ, ಸಂಜೆಯಾಗುತ್ತ ಇಳಿಯಬೇಕಾದ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಸರಿಯಾಗಿ ಇಳಿಯುತ್ತಿರಲಿಲ್ಲ. ಗಂಡಂದಿರಲ್ಲಿ ಈ ನಂಟು ಅಷ್ಟಾಗಿ ಕಾಣಲಿಲ್ಲ. ನನಗೇನೂ ಆಶ್ಚರ್ಯವಾಗಲಿಲ್ಲ. ಅವರು ಪ್ರಶ್ನೆ ಕೇಳುವ ಕಡೆಯವರು.

ಹಾಗೆಂದು ತಪ್ಪೆಲ್ಲ ಮನುಷ್ಯರದೇ ಅಲ್ಲ, ಗೋಡೆಗಳದೂ ಇದೆ. ಮಲಗುವ ಕೋಣೆಯ ಕುರ್ಚಿಯನ್ನೇ ನೋಡಿ. ಒಂದೇ ಸಲ ತೊಟ್ಟ ಶರ್ಟು ಒಗೆಯುವಷ್ಟು ಕೊಳೆಯಾಗಿಲ್ಲ, ಬೀರುವಿಗೆ ಸೇರುವಷ್ಟು ಮಡಿಯೂ ಅಲ್ಲ. ಹಳೆಯ ಮನೆಗಳಲ್ಲಿ ಇಂಥದ್ದಕ್ಕೆಂದೇ ಗೋಡೆಯಲ್ಲಿ ಮರದ ಗೂಟಗಳಿದ್ದವು. ಅಂಗಿ, ಚೀಲ, ಕೊಡೆ ಎಲ್ಲ ಅಲ್ಲೇ. ದೀಪಕ್ಕೊಂದು ಗೂಡು, ವರ್ಷದ ಹುಣಸೆಹಣ್ಣಿಗೆ ಅಟ್ಟ. ಈಗಿನ ಬಾಡಿಗೆ ಫ್ಲ್ಯಾಟಿನಲ್ಲಿ ಮೊಳೆ ಹೊಡೆದರೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ. ಗೂಟ ಹೋಯಿತು, ಆ ಕೆಲಸಕ್ಕೆ ಕುರ್ಚಿ ಬಂತು. ಮಕ್ಕಳನ್ನು ಸೋಮಾರಿಗಳೆಂದು ಬೈಯುವ ಮೊದಲು ಬಾಗಿಲ ಹಿಂದೆ ನಾಲ್ಕು ಕೊಕ್ಕೆ ಅಂಟಿಸಿದರೆ ಅರ್ಧ ಜಗಳ ಕಡಿಮೆ.

ಕೀಗಳಿಗೆ ಹೊಸ್ತಿಲ ಪಕ್ಕದಲ್ಲೊಂದು ಕೊಕ್ಕೆ. ರೇಷನ್ ಕಾರ್ಡು, ಕಂದಾಯದ ರಸೀದಿ, ಮಕ್ಕಳ ಲಸಿಕೆ ಕಾರ್ಡಿಗೆ ಒಂದೇ ಫೈಲು. ಅದು ಎಲ್ಲಿದೆಯೆಂಬುದು ಮನೆಯ ಚಿಕ್ಕ ಮಗುವಿಗೂ ಗೊತ್ತಿರಬೇಕು. ಡಿಜಿಲಾಕರ್ 2015ರಿಂದ ಇದೆ, ಇರಲಿ. ಅದರ ಪಾಸ್‌ವರ್ಡ್ ಬರೆದಿಟ್ಟ ಚೀಟಿಗೂ ಒಂದು ಜಾಗ ಬೇಕಲ್ಲ! ಕತ್ತರಿಗಂತೂ ಅಂಚೆ ಕಚೇರಿಯ ಪೆನ್ನಿನಂತೆ ದಾರ ಕಟ್ಟುವುದೇ ಸರಿ.

ಒಂದು ಡ್ರಾಯರನ್ನು ಮಾತ್ರ ಮುಟ್ಟಬೇಡಿ. ಸತ್ತ ಮೊಬೈಲುಗಳ ಚಾರ್ಜರು, ಮಿಕ್ಸಿಯ ಹಳೆಯ ವಾಷರು, ಬರಿದಾದ ಮುಯ್ಯಿ ಕವರು, ಯಾವ ಬೀಗದ್ದೆಂದು ತಿಳಿಯದ ಮೂರು ಕೀ ಇರುವುದು ಅದರಲ್ಲೇ. ಅದನ್ನು ಜೋಡಿಸಲು ಕೂತವರು ಮಧ್ಯಾಹ್ನದ ಊಟಕ್ಕೆ ಏಳುವುದಿಲ್ಲ. ಎದ್ದರೂ ಆ ಮೂರು ಕೀಗಳನ್ನು ಮತ್ತೆ ಅಲ್ಲೇ ಹಾಕಿ ಏಳುತ್ತಾರೆ.